ಗೆದ್ದವರಿಗೆ ದಾರಿ ಇರಬೇಕು

ಬ್ರೆಜಿಲ್‌ನ ಫೆಲಿಪೆ ಡ್ರುಗೋವಿಚ್ 2022ರಲ್ಲಿ ಫಾರ್ಮುಲಾ 2 ಚಾಂಪಿಯನ್ ಆದರು. ಮರುವರ್ಷ ಆ ಪಟ್ಟ ಫ್ರಾನ್ಸ್‌ನ ತಿಯೊ ಪುರ್ಶೇರ್ ಪಾಲಾಯಿತು. ಸಿಂಗಲ್ ಸೀಟರ್ ರೇಸಿನಲ್ಲಿ ಫಾರ್ಮುಲಾ ಒನ್‌ಗೆ ಕೇವಲ ಒಂದು ಮೆಟ್ಟಿಲು ಕೆಳಗಿರುವ ಸ್ಪರ್ಧೆ ಇದು. ಇದರಲ್ಲಿ ವರ್ಷವಿಡೀ ಎಲ್ಲರನ್ನೂ ಹಿಂದಿಕ್ಕಿದ ಇಬ್ಬರಿಗೂ ಮುಂದಿನ ಋತುವಿನಲ್ಲಿ ಫಾರ್ಮುಲಾ ಒನ್ ರೇಸಿನ ಆಸನ ಸಿಗಲಿಲ್ಲ. ಒಬ್ಬರು ಮೀಸಲು ಚಾಲಕರಾಗಿ ಗ್ಯಾರೇಜಿನಲ್ಲಿ ಕಾದರು, ಇನ್ನೊಬ್ಬರು ಜಪಾನ್, ಅಮೆರಿಕ ಎಂದು ಅವಕಾಶ ಅರಸಿ ಅಲೆದರು. ಇವರೇ ಮೊದಲಿಗರೂ ಅಲ್ಲ. ಇದೇ ಮಟ್ಟದ ಸ್ಪರ್ಧೆಗೆ ಜಿಪಿ2 ಎಂಬ ಹೆಸರಿದ್ದಾಗ 2012ರಲ್ಲಿ ಗೆದ್ದ ಡೇವಿಡೆ ವಲ್ಸೆಕಿ ಮತ್ತು 2013ರಲ್ಲಿ ಗೆದ್ದ ಫಾಬಿಯೊ ಲೈಮರ್ ಒಂದೇ ಒಂದು ಫಾರ್ಮುಲಾ ಒನ್ ರೇಸನ್ನೂ ಓಡಿಸಲಿಲ್ಲ. ಇದರ ಜೊತೆಗೆ ಇನ್ನೊಂದು ನಿಯಮವೂ ಇದೆ: ಫಾರ್ಮುಲಾ 2 ಗೆದ್ದವರು ಮತ್ತೆ ಅದೇ ಸರಣಿಗೆ ಮರಳುವಂತಿಲ್ಲ. ಅಂದರೆ ಗೆದ್ದ ತಪ್ಪಿಗೆ ಕೆಳಗಿನ ಬಾಗಿಲು ಮುಚ್ಚುತ್ತದೆ, ಮೇಲಿನದು ತೆರೆಯುವ ಖಾತ್ರಿಯಿಲ್ಲ. ಸಿಂಗಲ್ ಸೀಟರ್ ಚಾಲಕರ ವೃತ್ತಿಜೀವನದ ಬಗ್ಗೆ ಕೇಳಬೇಕಾದ ಮೂಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಒಂದು ಸ್ಪರ್ಧೆಯ ಗೆಲುವು ಮುಂದಿನ ಸ್ಪರ್ಧೆಗೆ ಒಯ್ಯದಿದ್ದರೆ ಅದನ್ನು ಸ್ಪರ್ಧೆಗಳ ಏಣಿ ಎಂದು ಕರೆಯಬಹುದೇ? ಈ ಕ್ರೀಡೆ ಸಿರಿವಂತರದು ಎಂಬ ದೂರು ಹಳೆಯದು. ನನ್ನ ವಾದ ಅದಕ್ಕಿಂತ ತುಸು ಬೇರೆ. ಈ ಏಣಿಯ ದೊಡ್ಡ ದೋಷ ಹಣ ಬೇಕಾಗುತ್ತದೆ ಎಂಬುದಲ್ಲ, ಗೆಲುವು ಹಣದ ಸ್ಥಾನವನ್ನು ಎಂದೂ ತುಂಬುವುದಿಲ್ಲ ಎಂಬುದು.

ಏಣಿಯ ರಚನೆಯನ್ನು ಮೊದಲು ನೋಡೋಣ. ಏಳೆಂಟು ವರ್ಷದ ಮಗು ಗೋ-ಕಾರ್ಟ್ ಹತ್ತುತ್ತದೆ. ಹದಿನೈದರ ಸುಮಾರಿಗೆ ಫಾರ್ಮುಲಾ 4, ಆಮೇಲೆ ಪ್ರಾದೇಶಿಕ ಫಾರ್ಮುಲಾ, ಅಲ್ಲಿಂದ ಫಾರ್ಮುಲಾ 3, ಕೊನೆಗೆ ಫಾರ್ಮುಲಾ 2. ಪ್ರತಿ ಹಂತದಲ್ಲೂ ಚಾಲಕರು ಒಂದು ತಂಡ ಸೇರುತ್ತಾರೆ, ಮತ್ತು ಬಹುಪಾಲು ಸಂದರ್ಭದಲ್ಲಿ ಆ ತಂಡಕ್ಕೆ ಹಣ ಕೊಡುವವರು ಚಾಲಕರೇ, ಅಥವಾ ಅವರ ಪರವಾಗಿ ಅಪ್ಪನೋ ಪ್ರಾಯೋಜಕರೋ. ಫಾರ್ಮುಲಾ 2ರ ಒಂದು ಋತುವಿನ ಖರ್ಚು 20 ಲಕ್ಷ ಯೂರೊ ಮೀರುವುದು ಸಾಮಾನ್ಯ, ನಮ್ಮ ಲೆಕ್ಕದಲ್ಲಿ ಸುಮಾರು 20 ಕೋಟಿ ರೂಪಾಯಿ. ಹದಿನೇಳರ ಫುಟ್‌ಬಾಲ್ ಆಟಗಾರ ಪ್ರತಿಭಾವಂತನಾದರೆ ಕ್ಲಬ್ ಅವನಿಗೆ ಸಂಬಳ ಕೊಡುತ್ತದೆ. ಅದೇ ವಯಸ್ಸಿನ, ಅಷ್ಟೇ ಪ್ರತಿಭೆಯ ರೇಸ್ ಚಾಲಕ ತನ್ನ ತಂಡದ ಗ್ರಾಹಕ. ಈ ಸಂಬಂಧದ ಪರಿಣಾಮ ಖರ್ಚಿನ ಭಾರಕ್ಕಷ್ಟೇ ನಿಲ್ಲುವುದಿಲ್ಲ. ಕೆಳಗಿನ ಹಂತದ ತಂಡಗಳು ಬದುಕುವುದೇ ಚಾಲಕರು ಕಟ್ಟುವ ಶುಲ್ಕದಿಂದ. ಹೀಗಿರುವಾಗ ಒಬ್ಬ ಹುಡುಗನಿಗೆ 'ನಿನ್ನಲ್ಲಿ ಆ ಮಟ್ಟದ ವೇಗವಿಲ್ಲ, ಇಲ್ಲಿಗೇ ನಿಲ್ಲಿಸು' ಎಂದು ಪ್ರಾಮಾಣಿಕವಾಗಿ ಹೇಳುವುದರಿಂದ ಯಾರಿಗೂ ಲಾಭವಿಲ್ಲ. ಟ್ಯೂಷನ್ ಹೇಳುವವರೇ ಉತ್ತರಪತ್ರಿಕೆಯನ್ನೂ ತಿದ್ದಿದರೆ ಅಂಕಗಳ ಮೇಲೆ ಎಷ್ಟು ನಂಬಿಕೆ ಇಡಬಹುದೋ ಇಲ್ಲಿಯೂ ಅಷ್ಟೇ ಇಡಬಹುದು. ಪ್ರತಿಭೆಯನ್ನು ಅಳೆಯಬೇಕಾದ ವ್ಯವಸ್ಥೆಯೇ ಆ ಅಳತೆಯನ್ನು ಮಾರುತ್ತಿದೆ.

ಇಲ್ಲಿ ಒಂದು ತಪ್ಪು ತೀರ್ಮಾನದಿಂದ ಪಾರಾಗಬೇಕು. ಹಣ ತಂದು ಆಸನ ಹಿಡಿದವರನ್ನು 'ಪೇ ಡ್ರೈವರ್' ಎಂದು ಹಂಗಿಸುವುದು ರೇಸ್ ವಲಯದ ಹಳೆಯ ರೂಢಿ. ಚರಿತ್ರೆ ಆ ಮೂದಲಿಕೆಯನ್ನು ಒಪ್ಪುವುದಿಲ್ಲ. ಆಸ್ಟ್ರಿಯಾದ ನಿಕಿ ಲೌಡ 1970ರ ದಶಕದ ಆರಂಭದಲ್ಲಿ, ಮನೆಯವರ ವಿರೋಧ ಕಟ್ಟಿಕೊಂಡು, ಜೀವವಿಮೆಯ ಆಧಾರದ ಮೇಲೆ ಬ್ಯಾಂಕ್ ಸಾಲ ಎತ್ತಿ ಮಾರ್ಚ್ ತಂಡದಲ್ಲಿ ಆಸನ ಕೊಂಡರು. ಅದೇ ಲೌಡ ಮುಂದೆ 1975, 1977 ಮತ್ತು 1984ರಲ್ಲಿ ವಿಶ್ವ ಚಾಂಪಿಯನ್ ಆದರು. 1991ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ಮೈಕೆಲ್ ಶುಮಾಕರ್ ಜೋರ್ಡಾನ್ ತಂಡದ ಪರವಾಗಿ ಮೊದಲ ರೇಸಿಗೆ ಇಳಿದಾಗ ಆ ಆಸನಕ್ಕೆ ಮರ್ಸಿಡಿಸ್ ಹಣ ತೆತ್ತಿತ್ತು. ವೆನೆಜುವೆಲಾದ ಸರ್ಕಾರಿ ತೈಲ ಕಂಪನಿಯ ದುಡ್ಡಿನೊಂದಿಗೆ ವಿಲಿಯಮ್ಸ್ ತಂಡಕ್ಕೆ ಬಂದ ಪಾಸ್ಟರ್ ಮಾಲ್ಡೊನಾಡೊ 2010ರ ಜಿಪಿ2 ಚಾಂಪಿಯನ್ ಆಗಿದ್ದವರು. 2012ರ ಸ್ಪ್ಯಾನಿಷ್ ಗ್ರ್ಯಾನ್ ಪ್ರಿಯನ್ನೂ ಅವರು ಗೆದ್ದರು. ಹಣ ತರುವುದಕ್ಕೂ ಪ್ರತಿಭೆ ಇಲ್ಲದಿರುವುದಕ್ಕೂ ಸಂಬಂಧವಿಲ್ಲ. ಹಣ ಕೊಟ್ಟು ಓಡಿಸಿದ ಚಾಲಕರನ್ನು ದೂರುವುದು ಸುಲಭ, ಆದರೆ ಆ ಸುಲಭದ ದೂರು ನಿಜವಾದ ದೋಷವನ್ನು ಮರೆಮಾಡುತ್ತದೆ. ಹಣವುಳ್ಳವರು ಒಳಗೆ ಬಂದದ್ದು ಅನ್ಯಾಯವಲ್ಲ. ಅವರಿಗಿಂತ ವೇಗವಾಗಿ ಓಡಿಸಿ ಗೆದ್ದವರು ಹೊರಗೆ ಉಳಿದರೆ, ಅದು ಅನ್ಯಾಯ.

ಹಿಂದೆಲ್ಲ ಎಲ್ಲವೂ ನ್ಯಾಯವಾಗಿತ್ತು ಎಂದೇನಿಲ್ಲ. 1950ರ ದಶಕದ ಟ್ರ್ಯಾಕ್‌ಗಳಲ್ಲಿ ರಾಜಕುಮಾರರೂ ಶ್ರೀಮಂತ ಮನೆತನದವರೂ ತುಂಬಿದ್ದರು. ಆದರೂ ಅಂದಿನ ಒಂದು ಉದಾಹರಣೆ ಕಣ್ತೆರೆಸುವಂಥದು. ಇಂಗ್ಲೆಂಡಿನ ಗ್ರಹಾಂ ಹಿಲ್ 24ನೇ ವಯಸ್ಸಿನವರೆಗೆ ಕಾರು ಓಡಿಸುವ ಲೈಸೆನ್ಸನ್ನೇ ಪಡೆದಿರಲಿಲ್ಲ. 1954ರಲ್ಲಿ ಒಂದು ಜಾಹೀರಾತು ನೋಡಿ, ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕ್‌ನಲ್ಲಿ ಒಂದು ಸುತ್ತಿಗೆ 5 ಶಿಲ್ಲಿಂಗ್‌ನಂತೆ ನಾಲ್ಕು ಸುತ್ತಿಗೆ ಒಂದು ಪೌಂಡ್ ಕೊಟ್ಟು ಮೊದಲ ಬಾರಿಗೆ ರೇಸ್ ಕಾರು ಓಡಿಸಿದರು. ಆಮೇಲೆ ಲೋಟಸ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿ ದುಡಿಯುತ್ತ ದಾರಿ ಮಾಡಿಕೊಂಡರು. 1962 ಮತ್ತು 1968ರಲ್ಲಿ ವಿಶ್ವ ಚಾಂಪಿಯನ್ ಆದರು. ಮೊನಾಕೊ ಗ್ರ್ಯಾನ್ ಪ್ರಿಯನ್ನು ಐದು ಬಾರಿ, ಇಂಡಿಯಾನಾಪೊಲಿಸ್ 500 ರೇಸನ್ನು 1966ರಲ್ಲಿ, ಲೆ ಮಾನ್ಸ್ 24 ಗಂಟೆಗಳ ರೇಸನ್ನು 1972ರಲ್ಲಿ ಗೆದ್ದರು. ಈ ಮೂರನ್ನೂ ಗೆದ್ದ ಇನ್ನೊಬ್ಬ ಚಾಲಕ ಇಂದಿಗೂ ಇಲ್ಲ. ಇಷ್ಟು ದೊಡ್ಡ ಪ್ರತಿಭೆ ಇದೆ ಎಂದು ಕಂಡುಕೊಳ್ಳಲು ತಗಲಿದ ಮೊದಲ ಖರ್ಚು ಒಂದು ಪೌಂಡ್. ಇಂದಿನ ಕಾರುಗಳು ಅಂದಿನವಲ್ಲ, ಇಂದಿನ ಚಾಲಕರಿಗೆ ಬಾಲ್ಯದಿಂದಲೇ ತರಬೇತಿ ಬೇಕು ಎನ್ನುವುದನ್ನು ಒಪ್ಪೋಣ. ಆದರೆ ಎಂಟನೇ ವಯಸ್ಸಿಗೇ ಶುರುಮಾಡಬೇಕಾದ ಒತ್ತಡ ಪೂರ್ತಿಯಾಗಿ ಕೌಶಲದ ಬೇಡಿಕೆಯಲ್ಲ. ಬೇಗ ಶುರುಮಾಡಿದವರು ಹೆಚ್ಚು ದಿನ ಅಭ್ಯಾಸ ಕೊಳ್ಳಬಲ್ಲರು, ಅವರ ಸರಿಸಮಕ್ಕೆ ನಿಲ್ಲಲು ಉಳಿದವರೂ ಬೇಗ ಕೊಳ್ಳಲೇಬೇಕು. ಹೀಗೆ ಖರ್ಚಿನ ಪೈಪೋಟಿ ವಯಸ್ಸನ್ನು ಕೆಳಕ್ಕೆ ಎಳೆಯುತ್ತ ಬಂದಿದೆ.

ಕೆಳಗಿನ ಹಂತಗಳಲ್ಲಿ ಕಾರುಗಳು ಒಂದೇ ತೆರನಾಗಿರುತ್ತವೆ, ಆದ್ದರಿಂದ ಅಲ್ಲಿ ಪ್ರತಿಭೆಯ ಅಳತೆ ಸರಿಯಾಗಿಯೇ ಆಗುತ್ತದೆ ಎಂಬ ಸಮರ್ಥನೆಯಿದೆ. ಇದರಲ್ಲಿ ಸತ್ಯಾಂಶವಿದೆ. ಫಾರ್ಮುಲಾ ಒನ್‌ನಲ್ಲಿ ಪ್ರತಿ ತಂಡ ತನ್ನ ಕಾರನ್ನು ತಾನೇ ರೂಪಿಸುವುದರಿಂದ ಚಾಲಕರನ್ನು ನೇರವಾಗಿ ಹೋಲಿಸಬಹುದಾದದ್ದು ಅವರ ಸಹಚಾಲಕರ ಜೊತೆ ಮಾತ್ರ. ಫಾರ್ಮುಲಾ 2ರಲ್ಲಿ ಎಲ್ಲರದೂ ಡಲ್ಲಾರಾ ಚಾಸಿ, ಮೆಕಾಕ್ರೋಮ್ ಎಂಜಿನ್, ಪಿರೆಲ್ಲಿ ಟೈರು. ಆದರೆ ಕಾರು ಒಂದೇ ಆದ ಮಾತ್ರಕ್ಕೆ ಸಿದ್ಧತೆ ಒಂದೇ ಆಗುವುದಿಲ್ಲ. ಸಿಮ್ಯುಲೇಟರಿನಲ್ಲಿ ಕಳೆದ ಗಂಟೆಗಳು, ಹಳೆಯ ಕಾರಿನಲ್ಲಿ ಖಾಸಗಿಯಾಗಿ ನಡೆಸಿದ ಅಭ್ಯಾಸ, ಅನುಭವಿ ಎಂಜಿನಿಯರ್ ಇರುವ ತಂಡ, ಇವೆಲ್ಲ ಹಣಕ್ಕೆ ಸಿಗುವಂಥವು. ಒಂದು ಅಪಘಾತದಲ್ಲಿ ಮುಂಭಾಗ ಮುರಿದರೆ ಆ ಬಿಲ್ಲೂ ಚಾಲಕರ ಕಡೆಯವರದ್ದೇ. ಬಿಲ್ಲಿನ ಭಯವಿಲ್ಲದೆ ತಿರುವಿಗೆ ನುಗ್ಗುವವರೂ ಆ ಭಯ ಹೊತ್ತು ನುಗ್ಗುವವರೂ ಒಂದೇ ಕಾರಿನಲ್ಲಿದ್ದರೂ ಒಂದೇ ಪರೀಕ್ಷೆ ಬರೆಯುತ್ತಿಲ್ಲ. ಇಷ್ಟೆಲ್ಲ ಮೀರಿ ಒಬ್ಬ ಚಾಲಕ ಗೆದ್ದರೆ ಆ ಗೆಲುವಿಗೆ ದುಪ್ಪಟ್ಟು ತೂಕವಿರಬೇಕಿತ್ತು. ಈಗಿನ ಏಣಿಯಲ್ಲಿ ಆ ಗೆಲುವಿನ ಫಲ ಮುಂದಿನ ಹಂತದ ಇನ್ನೂ ದೊಡ್ಡ ಬಿಲ್ಲು.

ಸುರಕ್ಷತೆಯ ಹೆಸರಿನಲ್ಲಿ ಬಂದ ನಿಯಮವೂ ಈ ವ್ಯವಸ್ಥೆಯನ್ನು ಗಟ್ಟಿಮಾಡಿದೆ. 2015ರಲ್ಲಿ ಮ್ಯಾಕ್ಸ್ ವೆರ್ಸ್ಟಾಪನ್ 17ನೇ ವಯಸ್ಸಿನಲ್ಲಿ, ಕಾರು ರೇಸಿನಲ್ಲಿ ಒಂದೇ ಒಂದು ಪೂರ್ಣ ಋತು ಮುಗಿಸಿ ಫಾರ್ಮುಲಾ ಒನ್‌ಗೆ ಇಳಿದರು. 2016ರಿಂದ ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ, ಫಾರ್ಮುಲಾ ಒನ್ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಸಾಮಾನ್ಯವಾಗಿ 18 ವರ್ಷ ವಯಸ್ಸು ಮತ್ತು ಮೂರು ಋತುಗಳಲ್ಲಿ 40 ಅಂಕ ಬೇಕೆಂದು ವಿಧಿಸಿತು. ಗಂಟೆಗೆ 300 ಕಿಲೋಮೀಟರ್ ದಾಟುವ ಕಾರಿಗೆ ಅನನುಭವಿಗಳನ್ನು ಕೂರಿಸಬಾರದು ಎಂಬುದರಲ್ಲಿ ಎರಡು ಮಾತಿಲ್ಲ. 2019ರಲ್ಲಿ ಸ್ಪಾದ ಫಾರ್ಮುಲಾ 2 ರೇಸಿನಲ್ಲಿ ಆಂಟ್ವಾನ್ ಯೂಬೇರ್ ಪ್ರಾಣ ಕಳೆದುಕೊಂಡದ್ದನ್ನು ನೆನೆದವರು ಈ ಅಪಾಯವನ್ನು ಹಗುರಾಗಿ ಕಾಣಲಾರರು. ಆದರೆ ಅಂಕಗಳ ಪಟ್ಟಿಯನ್ನು ನೋಡಿ. ಫಾರ್ಮುಲಾ 2ರ ಮೊದಲ ಮೂವರಿಗೂ ತಲಾ 40, ಫಾರ್ಮುಲಾ 3ರ ಚಾಂಪಿಯನ್‌ಗೆ 30, ಒಂದು ದೇಶದ ಫಾರ್ಮುಲಾ 4 ಚಾಂಪಿಯನ್‌ಗೆ 12. ಅಮೆರಿಕದ ಕೋಲ್ಟನ್ ಹರ್ಟಾ 2022ರ ಹೊತ್ತಿಗೆ ಇಂಡಿಕಾರ್ ಸರಣಿಯಲ್ಲಿ ಏಳು ರೇಸ್ ಗೆದ್ದಿದ್ದರು. ರೆಡ್ ಬುಲ್ ತನ್ನ ಎರಡನೇ ಫಾರ್ಮುಲಾ ಒನ್ ತಂಡಕ್ಕೆ ಅವರನ್ನು ಬಯಸಿತ್ತು. 40 ಅಂಕ ತುಂಬಲಿಲ್ಲ ಎಂಬ ಕಾರಣಕ್ಕೆ ಅದು ಕೈಗೂಡಲಿಲ್ಲ. ಜಗತ್ತಿನ ಅತಿ ವೇಗದ ಸಿಂಗಲ್ ಸೀಟರ್ ಸರಣಿಗಳಲ್ಲೊಂದರಲ್ಲಿ ಸಂಬಳ ಪಡೆದು ಗೆದ್ದ ಚಾಲಕರ ಅನುಭವಕ್ಕಿಂತ ಯುರೋಪಿನಲ್ಲಿ ಶುಲ್ಕ ಕಟ್ಟಿ ಓಡಿಸಿದವರ ಅನುಭವಕ್ಕೆ ಹೆಚ್ಚು ಬೆಲೆ ಬಂದರೆ, ಆ ಪಟ್ಟಿ ಸುರಕ್ಷತೆಯ ಜೊತೆಗೆ ಒಂದು ಮಾರುಕಟ್ಟೆಯನ್ನೂ ಕಾಯುತ್ತಿದೆ ಎಂದೇ ಅರ್ಥ.

ಈ ವಾದಕ್ಕೆ ಎಲ್ಲಕ್ಕಿಂತ ಮೊದಲು ಎದುರಾಗುವ ಉತ್ತರ ಲೂಯಿಸ್ ಹ್ಯಾಮಿಲ್ಟನ್. ಸಾಧಾರಣ ಕುಟುಂಬದ ಹುಡುಗ, ಮಗನ ಕಾರ್ಟಿಂಗ್‌ಗಾಗಿ ಹಲವು ಕೆಲಸ ಮಾಡಿದ ಅಪ್ಪ, 1998ರಲ್ಲಿ 13ನೇ ವಯಸ್ಸಿಗೇ ಮೆಕ್ಲಾರೆನ್ ಕಂಪನಿಯ ಆಸರೆ, ಮುಂದೆ ಏಳು ವಿಶ್ವ ಪ್ರಶಸ್ತಿ. ಫ್ರಾನ್ಸ್‌ನ ಎಸ್ಟೆಬಾನ್ ಒಕಾನ್ ಅವರ ತಂದೆತಾಯಿ ಮನೆ ಮಾರಿ ಕ್ಯಾರವಾನ್‌ನಲ್ಲಿ ಬದುಕಿ ಮಗನನ್ನು ಓಡಿಸಿದರು, ಆ ಮಗ 2021ರಲ್ಲಿ ಹಂಗೇರಿಯನ್ ಗ್ರ್ಯಾನ್ ಪ್ರಿ ಗೆದ್ದರು. ನಿಜವಾದ ಪ್ರತಿಭೆ ಹೇಗಾದರೂ ಮೇಲೆ ಬಂದೇ ಬರುತ್ತದೆ ಎಂಬುದಕ್ಕೆ ಇವನ್ನು ಸಾಕ್ಷಿಯಾಗಿ ಮುಂದಿಡುತ್ತಾರೆ. ಈ ಸಾಕ್ಷಿ ಹೇಳುವುದು ಅರ್ಧ ಮಾತ್ರ. ಬಾಗಿಲು ಒಬ್ಬರನ್ನು ಒಳಗೆ ಬಿಟ್ಟಿತು ಎಂಬುದರಿಂದ ಅದು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ ಎಂದು ಸಿದ್ಧವಾಗುವುದಿಲ್ಲ. ಹೊರಗುಳಿದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಏಕೆಂದರೆ ಅವರನ್ನು ಅಳೆದೇ ಇಲ್ಲ. ಮನೆ ಮಾರಿ ಗೆದ್ದ ಒಂದು ಕುಟುಂಬದ ಕಥೆ ನಮ್ಮವರೆಗೆ ಬರುತ್ತದೆ. ಮನೆ ಮಾರಿಯೂ ಗೆಲ್ಲದವರ ಕಥೆ ಬರುವುದಿಲ್ಲ, ಮಾರಲು ಮನೆಯೇ ಇಲ್ಲದವರದಂತೂ ಹುಟ್ಟುವುದೇ ಇಲ್ಲ. ತಂಡಗಳ ಅಕಾಡೆಮಿಗಳು ಈ ಕೊರತೆ ತುಂಬುತ್ತವೆ ಎಂಬ ಮಾತೂ ಇದೆ. ಸೆಬಾಸ್ಟಿಯನ್ ವೆಟ್ಟೆಲ್ ಅಂಥವರನ್ನು ಬೆಳೆಸಿದ ರೆಡ್ ಬುಲ್‌ನ ಪಾತ್ರ ದೊಡ್ಡದು, ಅನುಮಾನವಿಲ್ಲ. ಆದರೆ ಅಕಾಡೆಮಿಗಳು ಆರಿಸುವುದು ಕಾರ್ಟಿಂಗ್‌ನಲ್ಲಿ ಆಗಲೇ ಕಣ್ಣಿಗೆ ಬಿದ್ದವರನ್ನು. ಕಣ್ಣಿಗೆ ಬೀಳುವಷ್ಟು ವರ್ಷಗಳ ಖರ್ಚು ಮನೆಯವರದ್ದೇ. ಆರಿಸಿಕೊಂಡ ಮೇಲೂ ಭದ್ರತೆ ಇಲ್ಲ: ಸ್ಪೇನಿನ ಹೈಮೆ ಅಲ್ಗರ್ಸುವಾರಿ 19ಕ್ಕೆ ಫಾರ್ಮುಲಾ ಒನ್ ತಲುಪಿ, 21ಕ್ಕೆ ಆಸನ ಕಳೆದುಕೊಂಡು, 25ಕ್ಕೆ ರೇಸಿಂಗ್‌ನಿಂದಲೇ ನಿವೃತ್ತರಾದರು. ಅಕಾಡೆಮಿ ಒಂದು ಕಂಪನಿಯ ಆಯ್ಕೆ, ಸ್ಪರ್ಧೆ ಗಳಿಸಿಕೊಡುವ ಹಕ್ಕು ಅದಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಾರು, ಟೈರು, ಇಂಧನ, ವೈದ್ಯಕೀಯ ವ್ಯವಸ್ಥೆ ಎಲ್ಲವೂ ದುಬಾರಿಯಾದ ಕ್ರೀಡೆಗೆ ಯಾರಾದರೂ ದುಡ್ಡು ಹಾಕಲೇಬೇಕು, ಚಾಲಕರು ಹಾಕದಿದ್ದರೆ ಯಾರು ಹಾಕುತ್ತಾರೆ? ಇದರ ಉತ್ತರವು ಅಮೆರಿಕದ ಏಣಿಯಲ್ಲಿದೆ. ಇಂಡಿಕಾರ್‌ಗೆ ಒಯ್ಯುವ ಕೆಳ ಸರಣಿಗಳಲ್ಲಿ ಚಾಂಪಿಯನ್ ಆದವರಿಗೆ ಮುಂದಿನ ಹಂತಕ್ಕೆಂದೇ ವಿದ್ಯಾರ್ಥಿವೇತನ ಕೊಡುವ ಪದ್ಧತಿ ಬೆಳೆದು ಬಂದಿದೆ. ಫ್ಲಾರಿಡಾದ ಕೈಲ್ ಕರ್ಕ್‌ವುಡ್ 2018, 2019 ಮತ್ತು 2021ರಲ್ಲಿ ಮೂರು ಹಂತಗಳನ್ನೂ ಗೆದ್ದು, ಆ ನೆರವಿನ ಬಲದಿಂದ ಮೇಲೇರಿ 2022ರಲ್ಲಿ ಇಂಡಿಕಾರ್ ಸೇರಿದರು, 2023ರಲ್ಲಿ ಲಾಂಗ್ ಬೀಚ್ ರೇಸ್ ಗೆದ್ದರು. ಅಲ್ಲಿಯೂ ಕಾರ್ಟಿಂಗ್ ಉಚಿತವಲ್ಲ, ಎರಡನೇ ಸ್ಥಾನ ಪಡೆದವರು ಈಗಲೂ ಚೆಕ್‌ಬುಕ್ ಹುಡುಕಬೇಕು. ಆದರೂ ಗೆಲುವಿಗೆ ಒಂದು ನಿಶ್ಚಿತ ಫಲವಿದೆ ಎಂಬ ಒಂದೇ ಬದಲಾವಣೆ ಏಣಿಯ ಸ್ವಭಾವವನ್ನೇ ತಿದ್ದುತ್ತದೆ. ಇದಕ್ಕೆ ವಿರುದ್ಧವಾದ ಪಾಠ ಡಬ್ಲ್ಯೂ ಸೀರೀಸ್‌ನದು. 2019ರಲ್ಲಿ ಶುರುವಾದ ಈ ಮಹಿಳಾ ಸರಣಿ ಚಾಲಕಿಯರಿಂದ ಶುಲ್ಕ ಕೇಳಲಿಲ್ಲ, ಪರೀಕ್ಷೆ ನಡೆಸಿ ವೇಗದ ಮೇಲೆ ಆರಿಸಿತು. ಬ್ರಿಟನ್ನಿನ ಜೇಮಿ ಚಾಡ್ವಿಕ್ ನಡೆದ ಮೂರೂ ಋತುಗಳನ್ನು ಗೆದ್ದರು. ಮೂರು ಬಾರಿ ಗೆದ್ದರೂ ಫಾರ್ಮುಲಾ 3ರಲ್ಲಾಗಲಿ ಫಾರ್ಮುಲಾ 2ರಲ್ಲಾಗಲಿ ಅವರಿಗೆ ಜಾಗ ದೊರೆಯಲಿಲ್ಲ, 2023ರಲ್ಲಿ ಅಮೆರಿಕದ ಇಂಡಿ ಎನ್ಎಕ್ಸ್‌ಟಿ ಸರಣಿಗೆ ಹೋದರು. ಹಣದ ಅಭಾವದಿಂದ ಡಬ್ಲ್ಯೂ ಸೀರೀಸ್ 2022ರ ಋತುವಿನ ನಡುವೆಯೇ ನಿಂತುಹೋಯಿತು. ಒಂದು ಮೆಟ್ಟಿಲನ್ನು ಮಾತ್ರ ಉಚಿತಗೊಳಿಸಿ ಅದರ ಮೇಲಿನದನ್ನು ಹಾಗೇ ಬಿಟ್ಟರೆ ಗೆದ್ದವರು ಅದೇ ಮೆಟ್ಟಿಲ ಮೇಲೆ ನಿಂತಿರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಭಾರತದ ಮಟ್ಟಿಗೆ ಈ ಪ್ರಶ್ನೆ ಇನ್ನಷ್ಟು ಚುರುಕಾಗಿದೆ. ಇಲ್ಲಿಂದ ಹೋಗುವ ಚಾಲಕರ ಲೆಕ್ಕಕ್ಕೆ ತಂಡದ ಶುಲ್ಕದ ಜೊತೆ ವೀಸಾ, ವಿಮಾನ, ಪರದೇಶದ ವಸತಿ, ಶಾಲೆ ಬಿಟ್ಟ ವರ್ಷಗಳು ಎಲ್ಲವೂ ಸೇರುತ್ತವೆ. ಫಾರ್ಮುಲಾ ಒನ್ ರೇಸ್ ಓಡಿಸಿದ ಭಾರತೀಯರು ಈವರೆಗೆ ಇಬ್ಬರೇ: 2005ರಲ್ಲಿ ಜೋರ್ಡಾನ್ ತಂಡದಲ್ಲಿ ಕಾಲಿಟ್ಟ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಬಂದ ಚೆನ್ನೈನ ಕರುಣ್ ಚಾಂಧೋಕ್. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2008ರಿಂದ 2018ರವರೆಗೆ ದೇಶದ ಹೆಸರು ಹೊತ್ತು ಓಡಿದರೂ ಅದರ ಪರವಾಗಿ ಒಬ್ಬ ಭಾರತೀಯನೂ ರೇಸಿಗೆ ಇಳಿಯಲಿಲ್ಲ. ಆದರೆ ಅದೇ ತಂಡ 2011ರಲ್ಲಿ ದೇಶದಾದ್ಯಂತ ಕಾರ್ಟಿಂಗ್ ಪ್ರತಿಭೆಗಳ ಶೋಧ ನಡೆಸಿತು. ಆಗ ಆಯ್ಕೆಯಾದ ಮೂವರಲ್ಲಿ ಮುಂಬೈಯ ಜೆಹಾನ್ ದಾರುವಾಲಾ ಮತ್ತು ಬೆಂಗಳೂರಿನ ಅರ್ಜುನ್ ಮೈನಿ ಇದ್ದರು. ಇಬ್ಬರೂ ಫಾರ್ಮುಲಾ 2ರವರೆಗೆ ಏರಿದರು, ದಾರುವಾಲಾ ಅಲ್ಲಿ ರೇಸ್‌ಗಳನ್ನೂ ಗೆದ್ದರು. ಅರ್ಜುನ್ 2017ರಲ್ಲಿ ಬಾರ್ಸಿಲೋನಾದಲ್ಲಿ ಫಾರ್ಮುಲಾ 3ರ ಮಟ್ಟದ ಜಿಪಿ3 ರೇಸ್ ಗೆದ್ದವರು, 2021ರಿಂದ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಸಿಂಗಲ್ ಸೀಟರ್ ಅಲ್ಲದ ಜಿಟಿ ಕಾರುಗಳತ್ತ ಹೊರಳಿದರು. ಅವರ ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಮೈನಿ ಸಹೋದರರ ಸಾಧನೆಯನ್ನು ಕನ್ನಡನಾಡು ಹೆಮ್ಮೆಯಿಂದ ನೆನೆಯಬೇಕು. ಅವರದು ಬೆಂಗಳೂರಿನ ಹೆಸರಾಂತ ಉದ್ಯಮ ಕುಟುಂಬ ಎಂಬುದರಿಂದ ಆ ಸಾಧನೆ ಕಿರಿದಾಗುವುದಿಲ್ಲ. ಅದರಿಂದ ಏಳುವ ಪ್ರಶ್ನೆ ಬೇರೆ: ಅಂಥ ಆಸರೆ ಇಲ್ಲದ, ಅಷ್ಟೇ ಚುರುಕು ಕೈಯ ಒಬ್ಬ ಹುಡುಗ ದಾವಣಗೆರೆಯಲ್ಲೋ ಒಬ್ಬ ಹುಡುಗಿ ಕಲಬುರಗಿಯಲ್ಲೋ ಇದ್ದರೆ ಅವರನ್ನು ಗುರುತಿಸಲು ನಮ್ಮಲ್ಲಿ ಏನಿದೆ? ಒಂದು ಮುಕ್ತ ಶೋಧ ಒಂದೇ ಸಲಕ್ಕೆ ಫಾರ್ಮುಲಾ 2ರ ಮಟ್ಟದ ಇಬ್ಬರನ್ನು ಆರಿಸಿತೆಂದರೆ, ವರ್ಷವರ್ಷ ನಡೆದರೆ ಅದು ಏನೆಲ್ಲ ತೋರಿಸಬಹುದಿತ್ತು ಎಂದು ಯೋಚಿಸಬೇಕು. 2023ರಿಂದ ನಡೆಯುತ್ತಿರುವ ಭಾರತದ ಫಾರ್ಮುಲಾ 4 ಚಾಂಪಿಯನ್‌ಷಿಪ್‌ಗೂ ಇದೇ ಮಾತು ಸಲ್ಲುತ್ತದೆ. ಇಲ್ಲಿ ಗೆದ್ದವರನ್ನು ಯುರೋಪಿನ ಮುಂದಿನ ಮೆಟ್ಟಿಲಿಗೆ ಒಯ್ಯುವ ಖಚಿತ ನೆರವು ಇದ್ದಾಗ ಮಾತ್ರ ಅದು ಏಣಿಯ ಭಾಗವಾಗುತ್ತದೆ.

ಸಮಾಜ ಇಂಥ ದುಬಾರಿ ಮನರಂಜನೆಯ ನ್ಯಾಯಾನ್ಯಾಯವನ್ನು ಏಕೆ ತಲೆಗೆ ಹಚ್ಚಿಕೊಳ್ಳಬೇಕು, ಶಾಲೆ ಆಸ್ಪತ್ರೆಗಳ ಚಿಂತೆ ಸಾಲದೇ ಎಂದು ಕೇಳುವವರಿದ್ದಾರೆ. ಸಾರ್ವಜನಿಕ ಹಣವನ್ನು ಇದಕ್ಕೆ ಸುರಿಯಬೇಕೆಂದು ನಾನು ಹೇಳುತ್ತಿಲ್ಲ. ಹಣ ಈ ಕ್ರೀಡೆಯ ಒಳಗೇ ಇದೆ. ಫಾರ್ಮುಲಾ ಒನ್‌ನ ವರಮಾನ 2024ರಲ್ಲಿ 300 ಕೋಟಿ ಡಾಲರ್ ಮೀರಿತ್ತು. ಫಾರ್ಮುಲಾ 2ರ ಒಂದು ಋತುವಿನ ಖರ್ಚು ಅದರ ಸಾವಿರದಲ್ಲೊಂದು ಪಾಲಿನ ಆಸುಪಾಸು. ಫಾರ್ಮುಲಾ 4, ಪ್ರಾದೇಶಿಕ ಫಾರ್ಮುಲಾ ಮತ್ತು ಫಾರ್ಮುಲಾ 3 ಗೆದ್ದವರ ಮುಂದಿನ ಋತುವನ್ನು ಕ್ರೀಡೆಯೇ ಭರಿಸುವುದು ಅಸಾಧ್ಯದ ಮಾತಲ್ಲ. ಫಾರ್ಮುಲಾ 2 ಚಾಂಪಿಯನ್‌ಗೆ ಆಸನವನ್ನೇ ಕೊಡಿ ಎಂದು ತಂಡಗಳನ್ನು ಬಲವಂತ ಮಾಡಲಾಗದು, ಯಾರನ್ನು ನೇಮಿಸಿಕೊಳ್ಳಬೇಕೆಂಬುದು ಅವುಗಳ ಹಕ್ಕು ಎಂಬ ವಾದದಲ್ಲಿ ಹುರುಳಿದೆ. ಆದರೆ ನಿಯಮದಿಂದ ಬಾಗಿಲು ತೆರೆಯಿಸಬಹುದು ಎಂಬುದನ್ನು ಈ ಕ್ರೀಡೆ ಆಗಲೇ ತೋರಿಸಿದೆ. ಹೊಸಬರಿಗೆ ಋತುವಿಗೆ ಎರಡು ಅಭ್ಯಾಸ ಅವಧಿ ಕೊಡಲೇಬೇಕೆಂದು 2022ರಿಂದ ಪ್ರತಿ ತಂಡಕ್ಕೆ ಕಟ್ಟುಪಾಡಾಯಿತು, 2025ರಲ್ಲಿ ಅದು ನಾಲ್ಕಕ್ಕೆ ಏರಿತು. ಆ ಅವಧಿಗಳಲ್ಲಿ ಮೊದಲ ಹಕ್ಕು ಚಾಂಪಿಯನ್‌ಗಳದ್ದು ಎಂದು ಸೇರಿಸಲು, ಆಸನ ಸಿಗದ ಚಾಂಪಿಯನ್‌ಗೆ ಒಂದು ಪೂರ್ಣ ವರ್ಷದ ಪರೀಕ್ಷಾ ಓಟವನ್ನು ಖಾತ್ರಿಪಡಿಸಲು ಇಚ್ಛೆಯೊಂದು ಸಾಕು.

ಕೊನೆಗೆ ಇದು ಪ್ರಾಮಾಣಿಕತೆಯ ಪ್ರಶ್ನೆ. ಯಾರೋ ನಾಲ್ವರು ಸಿರಿವಂತರು ತಮ್ಮತಮ್ಮಲ್ಲೇ ಓಡಿಸಿಕೊಳ್ಳುವ ಆಟವಾಗಿದ್ದರೆ ಯಾರೂ ಆಕ್ಷೇಪಿಸಬೇಕಿರಲಿಲ್ಲ. ಈ ಕ್ರೀಡೆ ತನ್ನನ್ನು ವಿಶ್ವ ಚಾಂಪಿಯನ್‌ಷಿಪ್ ಎಂದು ಕರೆದುಕೊಳ್ಳುತ್ತದೆ, ಜಗತ್ತಿನ ಅತ್ಯುತ್ತಮ ಚಾಲಕರು ಇಲ್ಲಿದ್ದಾರೆ ಎಂದು ಕೋಟ್ಯಂತರ ನೋಡುಗರಿಗೆ ಹೇಳುತ್ತದೆ. ಆ ಮಾತನ್ನು ನಂಬಿ ಸಾವಿರಾರು ಮಕ್ಕಳು ತಮ್ಮ ಬಾಲ್ಯವನ್ನೂ ಹೆತ್ತವರು ತಮ್ಮ ದುಡಿಮೆಯನ್ನೂ ಈ ದಾರಿಗೆ ಹಾಕುತ್ತಾರೆ. ಅವರಲ್ಲಿ ಬಹುತೇಕರು ಸೋಲುತ್ತಾರೆ, ಅದು ಸಹಜ, ಎಲ್ಲ ಸ್ಪರ್ಧೆಯ ಧರ್ಮವೇ ಅದು. 2017ರಿಂದ 2025ರವರೆಗೆ ಇಡೀ ಜಗತ್ತಿಗೆ ಇದ್ದದ್ದು 20 ಆಸನ, 2026ರಲ್ಲಿ ಅದು 22. ಸೋತವರು ಮನೆಗೆ ಹೋಗಲೇಬೇಕು. ಆದರೆ ಸೋಲು ಟ್ರ್ಯಾಕ್ ಮೇಲೆ ಆಗಬೇಕು, ಬ್ಯಾಂಕಿನಲ್ಲಿ ಅಲ್ಲ. ಸಿಂಗಲ್ ಸೀಟರ್ ಚಾಲಕರ ವೃತ್ತಿಗೆ ಗೌರವ ಬರುವುದು ತಾರೆಯರ ಸಂಬಳದಿಂದಲ್ಲ. ಹದಿನಾರರ ಹರೆಯದಲ್ಲಿ ಒಂದು ಚಾಂಪಿಯನ್‌ಷಿಪ್ ಗೆದ್ದವರು ಮರುವರ್ಷ ಎಲ್ಲಿ ಓಡಿಸುತ್ತೀರಿ ಎಂಬ ಪ್ರಶ್ನೆಗೆ ಯಾರ ಮುಖವನ್ನೂ ನೋಡದೆ ಉತ್ತರ ಹೇಳುವಂತಾದಾಗ ಆ ಗೌರವ ಬರುತ್ತದೆ. ಅಲ್ಲಿಯವರೆಗೆ ಫಾರ್ಮುಲಾ ಒನ್ ಪಟ್ಟಕ್ಕೆ ನಾವು ಕೊಡಬಹುದಾದ ಸರಿಯಾದ ವಿವರಣೆ ಇಷ್ಟೇ: ಅಳೆಸಿಕೊಳ್ಳಲು ಶಕ್ತರಾದವರ ಪೈಕಿ ಅತ್ಯುತ್ತಮರು. ಇಷ್ಟು ಧೈರ್ಯ, ಇಷ್ಟು ಕೌಶಲ ಬೇಡುವ ಕ್ರೀಡೆಗೆ ಅದಕ್ಕಿಂತ ದೊಡ್ಡ ವಿವರಣೆ ಸಲ್ಲಬೇಕು.